ಹೆಪ್ಪಿನಲ್ಲಿ ಜೀವ ಇದೆಯೇ? ಆರು ಲೋಟಗಳ ಪಾಠ

"ಹಾಲನ್ನು ಮೊಸರು ಮಾಡುವ ಬ್ಯಾಕ್ಟೀರಿಯಾ ಯಾವುದು?" ಎಂದು ಏಳನೆಯ ತರಗತಿಯಲ್ಲಿ ಕೇಳಿ ನೋಡಿ. "ಲ್ಯಾಕ್ಟೋಬ್ಯಾಸಿಲಸ್" ಎಂದು ಮಕ್ಕಳು ಒಂದೇ ದನಿಯಲ್ಲಿ ಹೇಳುತ್ತಾರೆ. "ಅದು ಅಲ್ಲಿ ಇದೆ ಅಂತ ನಿಮಗೆ ಹೇಗೆ ಗೊತ್ತು?" ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ. ಜತ್ತ, ಅಕ್ಕಲಕೋಟೆ ಕಡೆಯ ಹುಡುಗನಾದರೆ "ಪುಸ್ತಕದಾಗ ಬರದಾರ್ರಿ ಸರ್" ಅನ್ನಬಹುದು. ಅವನ ಉತ್ತರ ಪ್ರಾಮಾಣಿಕವಾದದ್ದೇ. ಆದರೆ ನಾವು ಕಲಿಸಬೇಕಾದ ವಿಜ್ಞಾನ ಈ ಎರಡನೆಯ ಪ್ರಶ್ನೆಯಿಂದಲೇ ಶುರುವಾಗುತ್ತದೆ.

ಸೂಕ್ಷ್ಮಜೀವಿಗಳ ಪಾಠ ಬಂದಾಗ "ನಮ್ಮಲ್ಲಿ ಸೂಕ್ಷ್ಮದರ್ಶಕ ಇಲ್ಲ, ಏನು ತೋರಿಸೋದು?" ಎಂಬ ಮಾತು ಬರುತ್ತದೆ. ಇದ್ದರೂ ಈ ಪಾಠಕ್ಕೆ ಅಷ್ಟಾಗಿ ನೆರವಾಗುವುದಿಲ್ಲ. ಮೊಸರಿನ ಬ್ಯಾಕ್ಟೀರಿಯಾಗಳ ಅಗಲ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು. ಶಾಲೆಯ ಸೂಕ್ಷ್ಮದರ್ಶಕದಲ್ಲಿ ಮೊದಲು ಕಣ್ಣಿಗೆ ಬೀಳುವುದು ಹಾಲಿನ ಕೊಬ್ಬಿನ ಹನಿಗಳು. ಅವನ್ನೇ ಬ್ಯಾಕ್ಟೀರಿಯಾ ಎಂದು ತಿಳಿಯುವುದು ಸುಲಭ. ಕಣ್ಣಿಗೆ ಕಾಣದ್ದನ್ನು ಅದು ಮಾಡುವ ಕೆಲಸದಿಂದ ಪತ್ತೆ ಹಚ್ಚಬಹುದು. ಅದಕ್ಕೆ ಆರು ಲೋಟ, ಒಂದು ಲೀಟರ್ ಹಾಲು, ಸ್ವಲ್ಪ ಮೊಸರು, ಒಂದು ನಿಂಬೆಹಣ್ಣು ಸಾಕು. ಹಾಲಿನ ಪುಡಿ ಕಲಸಿದರೂ ನಡೆದೀತು.

ಮನೆಯ ಮಾತಿನಿಂದ ಆರಂಭ

ಮೊದಲು ಒಂದು ಪದ ಕೇಳೋಣ. ಮೊಸರು ಮಾಡಲು ಹಾಲಿಗೆ ಹಾಕುವುದಕ್ಕೆ ನಾವು ಹೆಪ್ಪು ಅನ್ನುತ್ತೇವೆ. ಗಡಿಯಲ್ಲಿರುವ ನಮ್ಮ ಮಕ್ಕಳಿಗೆ ಇನ್ನೊಂದು ಪದವೂ ಗೊತ್ತಿರುತ್ತದೆ. ಸೊಲ್ಲಾಪುರದಲ್ಲಿ ಮರಾಠಿಯ ವಿರಜಣ, ಆದೋನಿ ರಾಯದುರ್ಗದಲ್ಲಿ ತೆಲುಗಿನ ತೋಡು, ತಾಳವಾಡಿಯಲ್ಲಿ ತಮಿಳಿನ ಉರೈ, ಕಾಸರಗೋಡಿನಲ್ಲಿ ಮಲಯಾಳದ ಉರ. ಎಲ್ಲವನ್ನೂ ಹಲಗೆಯ ಮೇಲೆ ಬರೆಯಿರಿ. ಆಮೇಲೆ ಕೇಳಿ: "ಹೆಪ್ಪು ಹಾಕದೆ ಮೊಸರು ಆಗುತ್ತದೆಯೇ? ತಣ್ಣನೆ ಹಾಲಿಗೆ ಹಾಕಿದರೆ? ಕುದಿಯುವ ಹಾಲಿಗೆ ಹಾಕಿದರೆ?" ಅಮ್ಮ, ಅಜ್ಜಿ ಮಾಡುವುದನ್ನು ಕಂಡವರು ಬೇರೆ ಬೇರೆ ಉತ್ತರ ಕೊಡುತ್ತಾರೆ. ಯಾರದು ಸರಿ ಎಂದು ಹೇಳಬೇಡಿ. ಪ್ರತಿಯೊಬ್ಬರೂ ತಮ್ಮ ಊಹೆಯನ್ನು ವಹಿಯಲ್ಲಿ ಬರೆದುಕೊಳ್ಳಲಿ.

ಆರು ಲೋಟಗಳು

ಲೋಟ, ಚಮಚಗಳನ್ನು ಬಿಸಿನೀರಿನಲ್ಲಿ ತೊಳೆದು, ಹಾಲು ಕಾಯಿಸಿ, ಪ್ರತಿ ಲೋಟಕ್ಕೆ 95 ಮಿಲಿಲೀಟರ್ ಅಳೆದು ಹಾಕಿ. ಬೆಳಗಿನ ಗಂಟೆ ಹೊಡೆದ ಕೂಡಲೇ ಶುರು ಮಾಡಿದರೆ ಸಂಜೆಯೊಳಗೆ ಫಲ ಸಿಗುತ್ತದೆ. ಬಿಸಿ ಹಾಲಿನ ಕೆಲಸ ಶಿಕ್ಷಕರದ್ದೇ ಆಗಿರಲಿ.

1. ಉಗುರುಬೆಚ್ಚಗಿನ ಹಾಲು, ಒಂದು ಚಮಚ (5 ಮಿಲಿಲೀಟರ್) ಮೊಸರು.
2. ಉಗುರುಬೆಚ್ಚಗಿನ ಹಾಲು ಮಾತ್ರ.
3. ಉಗುರುಬೆಚ್ಚಗಿನ ಹಾಲು, ಐದು ನಿಮಿಷ ಕುದಿಸಿ ಆರಿಸಿದ ಒಂದು ಚಮಚ ಮೊಸರು.
4. ತಣ್ಣನೆ ಹಾಲು, ಒಂದು ಚಮಚ ಮೊಸರು. ಲೋಟವನ್ನು ಮಂಜುಗಡ್ಡೆ ಹಾಕಿದ ನೀರಿನಲ್ಲಿ ಇಡಿ.
5. ಕುದಿಯುತ್ತಿರುವ ಹಾಲು, ಒಂದು ಚಮಚ ಮೊಸರು.
6. ಉಗುರುಬೆಚ್ಚಗಿನ ಹಾಲು, ಒಂದು ಚಮಚ ನಿಂಬೆರಸ.

ಪ್ರತಿ ಲೋಟಕ್ಕೂ ಬೇರೆ ಚಮಚ ಇರಲಿ. 1, 2, 3, 5 ಮತ್ತು 6ನ್ನು ಒಂದೇ ಕಡೆ, ಬಟ್ಟೆ ಮುಚ್ಚಿ ಇಡಬೇಕು. ಒಂದನೆಯ ಲೋಟಕ್ಕೂ ಮೂರನೆಯದಕ್ಕೂ ಇರುವ ವ್ಯತ್ಯಾಸ ಒಂದೇ ಎಂಬುದನ್ನು ಮಕ್ಕಳೇ ಹುಡುಕಿ ಹೇಳಲಿ. ಎರಡು ಸಂಗತಿ ಒಟ್ಟಿಗೆ ಬದಲಾದರೆ ಫಲಕ್ಕೆ ಯಾವುದು ಕಾರಣ ಎಂದು ಹೇಳಲಾಗದು. ಪ್ರಯೋಗದ ಈ ನಿಯಮ ಅವರಿಗೆ ಇಲ್ಲಿ ಕೈಯಾರೆ ಸಿಗುತ್ತದೆ.

ಬೆಚ್ಚಗಿನ ದಿನವಾದರೆ ಐದಾರು ಗಂಟೆಯಲ್ಲಿ ಒಂದನೆಯದು ಗಟ್ಟಿಯಾಗುತ್ತದೆ. 2, 3, 4, 5 ಹಾಲಾಗಿಯೇ ಉಳಿಯುತ್ತವೆ. ಆರನೆಯದು ನಿಂಬೆರಸ ಬಿದ್ದ ಕೂಡಲೇ ಒಡೆಯುತ್ತದೆ.

ಕಷ್ಟದ ಪ್ರಶ್ನೆ

ಈಗ ತರಗತಿಯಲ್ಲಿ ಒಂದು ಪ್ರಶ್ನೆ ಬರಬೇಕು. ಮಕ್ಕಳಿಂದ ಬರದಿದ್ದರೆ ನಾವೇ ಎತ್ತಬೇಕು: "ನಿಂಬಿಹಣ್ಣು ಹಿಂಡಿದ್ರೂ ಹಾಲು ಒಡೀತದ. ಹಂಗಾದ್ರ ಮೊಸರಿನ್ಯಾಗಿನ ಹುಳೀನ ಈ ಕೆಲಸ ಮಾಡಿರಬಾರದ್ಯಾಕ? ಜೀವ ಅದ ಅಂತ ಹೆಂಗ ಹೇಳೋದು?"

ಪ್ರಶ್ನೆಯಲ್ಲಿ ಹುರುಳಿದೆ. ಹಾಲು ಗಟ್ಟಿಯಾಗುವುದು ಹುಳಿಯಿಂದಲೇ. ತಾಜಾ ಹಾಲಿನ ಪಿಎಚ್ ಸುಮಾರು 6.6. ಅದು 4.6ರ ಹತ್ತಿರ ಇಳಿದಾಗ ಕೇಸೀನ್ ಎಂಬ ಪ್ರೋಟೀನು ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಹಾಗಾದರೆ ಒಂದು ಚಮಚ ಮೊಸರಿನ ಹುಳಿಯೇ ಸಾಕಾಯಿತೇ, ಅಥವಾ ಲೋಟದೊಳಗೆ ಯಾರೋ ಹೊಸದಾಗಿ ಹುಳಿ ತಯಾರಿಸುತ್ತಿದ್ದಾರೆಯೇ?

ಮೂರನೆಯ ಲೋಟ ಅರ್ಧ ಉತ್ತರ ಕೊಡುತ್ತದೆ. ಕುದಿಸಿದ ಮೊಸರಿನಲ್ಲಿ ಹುಳಿ ಇತ್ತು, ಆದರೂ ಹಾಲು ಮೊಸರಾಗಲಿಲ್ಲ. ಉಳಿದರ್ಧಕ್ಕೆ ಮರುದಿನ ಮುಂದುವರಿಸಿ. ಒಂದನೆಯ ಲೋಟದಿಂದ ಒಂದು ಚಮಚ ತೆಗೆದು ಹೊಸ ಹಾಲಿಗೆ ಹಾಕಿ. ಆರನೆಯ ಲೋಟದ ಒಡೆದ ಹಾಲಿನಿಂದಲೂ ಒಂದು ಚಮಚ ಬೇರೊಂದು ಲೋಟದ ಹೊಸ ಹಾಲಿಗೆ ಹಾಕಿ. ಸಂಜೆಗೆ ಮೊಸರಿನದು ಮತ್ತೆ ಹೆಪ್ಪುಗಟ್ಟುತ್ತದೆ, ನಿಂಬೆಯದು ಹಾಲಾಗಿಯೇ ಇರುತ್ತದೆ. ಮೊಸರಿನ ಸರಪಳಿಯನ್ನು ಐದು ದಿನ ನಡೆಸಿ. ಪ್ರತಿ ಸಲ 20ರಲ್ಲಿ ಒಂದು ಪಾಲು ಮಾತ್ರ ಮುಂದಕ್ಕೆ ಹೋಗುತ್ತದೆ. ಐದನೆಯ ಲೋಟದಲ್ಲಿ ಮೊದಲ ಹೆಪ್ಪಿನ ಪಾಲು 32 ಲಕ್ಷದಲ್ಲಿ ಒಂದು. ಈ ಲೆಕ್ಕವನ್ನು ಗಣಿತದ ಪೀರಿಯಡ್‌ನಲ್ಲಿ ಮಕ್ಕಳೇ ಮಾಡಲಿ. ಇಷ್ಟು ತೆಳುವಾದ ಮೇಲೂ ಐದನೆಯ ಲೋಟ ಮೊದಲನೆಯದರಷ್ಟೇ ಗಟ್ಟಿಯಾಗುತ್ತದೆ. ಹೆಪ್ಪಿನಲ್ಲಿರುವುದು ಏನೇ ಆಗಿರಲಿ, ಅದು ತನ್ನನ್ನು ತಾನೇ ಹೆಚ್ಚಿಸಿಕೊಳ್ಳುತ್ತಿದೆ, ಕುದಿಸಿದರೆ ಸಾಯುತ್ತದೆ, ಚಳಿಯಲ್ಲಿ ನಿಧಾನವಾಗುತ್ತದೆ. "ಇಂಥದ್ದಕ್ಕೆ ಏನಂತೀರಿ?" ಎಂದು ಕೇಳಿದರೆ "ಜೀವಿ" ಎಂಬ ಪದ ಮಕ್ಕಳ ಬಾಯಿಂದಲೇ ಬರುತ್ತದೆ.

ವಿಜ್ಞಾನಿಗಳ ನಡುವೆಯೂ ಇದೇ ವಾದ ನಡೆದಿತ್ತು. ಹುದುಗುವಿಕೆ ಎಂದರೆ ಕೊಳೆಯುವ ವಸ್ತುವಿನ ರಾಸಾಯನಿಕ ಕ್ರಿಯೆ ಅಷ್ಟೇ ಎಂದು ಜರ್ಮನಿಯ ಪ್ರಸಿದ್ಧ ರಸಾಯನಶಾಸ್ತ್ರಜ್ಞ ಲೀಬಿಗ್ ಹೇಳುತ್ತಿದ್ದ. ಹಾಲು ಹುಳಿಯಾಗುವುದು ಜೀವಿಗಳ ಕೆಲಸ ಎಂದು ಫ್ರಾನ್ಸಿನ ಲೂಯಿ ಪಾಸ್ಚರ್ 1857ರಲ್ಲಿ ಮಂಡಿಸಿದ. ನಿಂಬೆಯ ಪ್ರಶ್ನೆ ಕೇಳುವ ಮಗು ಲೀಬಿಗ್‌ನ ಕಡೆ ನಿಂತು ಕೇಳುತ್ತದೆ. ಅದನ್ನು ಗದರಿಸಿ ಕೂರಿಸಬಾರದು.

ಎರಡನೆಯ ಲೋಟವನ್ನು ಮರುದಿನದವರೆಗೂ ಇಟ್ಟರೆ ಅದೂ ಹುಳಿಯಾಗಬಹುದು. ಪ್ರಯೋಗ ಕೆಟ್ಟಿತು ಎಂದುಕೊಳ್ಳಬೇಡಿ. "ಹೆಪ್ಪು ಹಾಕದಿದ್ದರೂ ಇವು ಎಲ್ಲಿಂದ ಬಂದವು?" ಎಂಬುದೇ ಮುಂದಿನ ವಾರದ ಪ್ರಶ್ನೆ. ಗಾಳಿಯೇ, ಲೋಟವೇ, ಕೈಯೇ? ಪರೀಕ್ಷಿಸುವ ದಾರಿಯನ್ನು ಮಕ್ಕಳೇ ಯೋಚಿಸಲಿ.

ಎಚ್ಚರಿಕೆ

ಪ್ರಯೋಗದ ಲೋಟಗಳಿಂದ ಯಾರೂ ರುಚಿ ನೋಡಬಾರದು. ಕೆಲಸಕ್ಕೆ ಮೊದಲು ಮತ್ತು ಆಮೇಲೆ ಸಾಬೂನಿನಿಂದ ಕೈ ತೊಳೆಯಬೇಕು. ಬ್ರೆಡ್ಡಿನ ಬೂಷ್ಟು ತೋರಿಸುವುದಾದರೆ ಪಾರದರ್ಶಕ ಚೀಲದಲ್ಲಿ ಮುಚ್ಚಿ, ಕೊನೆಯವರೆಗೂ ತೆರೆಯದೆ ನೋಡಬೇಕು. ಮೂಗು, ಗಾಯ, ಚರಂಡಿಗಳಿಂದ ಮಾದರಿ ತೆಗೆದು ಬೆಳೆಸುವುದು ಶಾಲೆಯಲ್ಲಿ ಬೇಡವೇ ಬೇಡ.

ನಮ್ಮ ಶಾಲೆಗಳಿಗೆಲ್ಲ ಒಂದು ಕೆಲಸ

ಎಂಟನೆಯ ತರಗತಿ ಮುಗಿಯುವ ಹೊತ್ತಿಗೆ ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿ ರಾಜ್ಯ ಭಾಷೆಯ ಅಥವಾ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುತ್ತಾರೆ. ಪಾರಿಭಾಷಿಕ ಪದಗಳನ್ನು ಅಲ್ಲಿ ಮತ್ತೆ ಕಲಿಯಬೇಕಾಗುತ್ತದೆ. "ಹೇಗೆ ಗೊತ್ತು?" ಎಂದು ಕೇಳುವ ರೂಢಿಯನ್ನು ಮಾತ್ರ ಮತ್ತೆ ಕಲಿಯಬೇಕಿಲ್ಲ. ಅದು ಮನೆಯ ಮಾತಿನಲ್ಲಿ, ಈ ವಯಸ್ಸಿನಲ್ಲಿ ಬಂದರೆ ಉಳಿಯುತ್ತದೆ.

ಜತ್ತದ ಒಣ ಬಿಸಿಲು, ಕಾಸರಗೋಡಿನ ಕರಾವಳಿಯ ಸೆಕೆ, ನೀಲಗಿರಿಯ ಚಳಿ, ಇವು ಮೂರೂ ನಮ್ಮ ಶಾಲೆಗಳ ಹವೆಯೇ. ಒಂದೇ ವಾರದಲ್ಲಿ ಎಲ್ಲರೂ ಒಂದನೆಯ ಲೋಟವನ್ನು ಇಟ್ಟು, ಊರು, ದಿನಾಂಕ, ಕೋಣೆಯ ಉಷ್ಣಾಂಶ, ಹೆಪ್ಪುಗಟ್ಟಲು ಹಿಡಿದ ಗಂಟೆಗಳು, ಇಷ್ಟನ್ನು ಮಕ್ಕಳ ಕೈಬರಹದಲ್ಲೇ ಪತ್ರಿಕೆಗೆ ಕಳಿಸಿಕೊಡಿ. ಉಷ್ಣಾಂಶಕ್ಕೂ ವೇಳೆಗೂ ಇರುವ ಸಂಬಂಧದ ನಕ್ಷೆಯನ್ನು ನಮ್ಮದೇ ಮಕ್ಕಳ ಅಂಕಿಗಳಿಂದ ಎಳೆಯಬಹುದು.