ಬೀಜದ ಕುದುರೆಯ ಬಂಜೆತನ

‘ಬಂಜೆ’ ಎಂಬ ಮಾತನ್ನು ನಮ್ಮ ಜನರು ಹೆಣ್ಣಿಗೇ ಮೀಸಲಿಟ್ಟಿದ್ದಾರೆ. ಗಂಡಿಗೆ ಸಲ್ಲುವ ಅಂಥ ಮಾತು ಆಡುನುಡಿಯಲ್ಲಿ ವಿರಳ. ಮಾತಿಲ್ಲವೆಂದ ಮಾತ್ರಕ್ಕೆ ದೋಷವೂ ಇಲ್ಲವೆಂದು ತಿಳಿಯಲಾಗದು. ಅಮೆರಿಕದ ಪಂದ್ಯದ ಕುದುರೆಯೊಂದರ ವೃತ್ತಾಂತವು ಇದಕ್ಕೆ ತಕ್ಕ ನಿದರ್ಶನವಾಗಿದೆ.

ಸಿಗಾರ್ ಎಂಬ ಈ ಕುದುರೆ ಹುಟ್ಟಿದ್ದು 1990ರಲ್ಲಿ. 1994ರಿಂದ 1996ರವರೆಗೆ ಅದು ಸತತವಾಗಿ 16 ಪಂದ್ಯಗಳನ್ನು ಗೆದ್ದಿತು. 1996ರಲ್ಲಿ ಮೊಟ್ಟಮೊದಲು ನಡೆದ ದುಬೈ ವಿಶ್ವಕಪ್ ಪಂದ್ಯವೂ ಅದರದೇ ಆಯಿತು. ಬಳಿಕ ಓಟವನ್ನು ಬಿಡಿಸಿ, ತಳಿ ಪಡೆಯುವ ಉದ್ದೇಶದಿಂದ ಕೆಂಟಕಿ ಪ್ರಾಂತದ ಅಶ್ವಶಾಲೆಗೆ ಒಯ್ದರು. 34 ಹೆಣ್ಣು ಕುದುರೆಗಳೊಡನೆ ಕೂಡಿಸಿದರು. ಒಂದಕ್ಕಾದರೂ ಗಬ್ಬ ನಿಲ್ಲಲಿಲ್ಲ. ಪರೀಕ್ಷಿಸಿದಾಗ ವೀರ್ಯಾಣುಗಳೇ ದೋಷಯುಕ್ತವೆಂದು ತಿಳಿದುಬಂತು. ಚಿಕಿತ್ಸೆ ಫಲಿಸಲಿಲ್ಲ. ವಿಮೆಯವರು 2.5 ಕೋಟಿ ಡಾಲರು ತೆರಬೇಕಾಯಿತು. 2014ರಲ್ಲಿ ಸಿಗಾರ್ ಸಂತಾನವಿಲ್ಲದೆಯೇ ಸತ್ತಿತು.

ಇಷ್ಟು ಬಲಶಾಲಿಯಾದ ಪ್ರಾಣಿಗೆ ಹೀಗೇಕಾಯಿತು? ಓಟದ ಬಲವೇ ಬೇರೆ, ಬೀಜದ ಬಲವೇ ಬೇರೆ. ಪಂದ್ಯದ ಕುದುರೆಯನ್ನು ಜನ ಆರಿಸುವುದು ಅದರ ಕಾಲಿನ ವೇಗವನ್ನು ನೋಡಿ. ವೀರ್ಯವನ್ನು ನೋಡಿ ಅಲ್ಲ. ವೀರ್ಯಾಣುಗಳು ಸಂಖ್ಯೆಯಲ್ಲಿ ಸಾಕಷ್ಟಿದ್ದರೆ ಸಾಲದು. ಅವುಗಳ ಆಕಾರ ಸರಿಯಾಗಿರಬೇಕು, ಮುಂದಕ್ಕೆ ಚಲಿಸುವ ಶಕ್ತಿಯೂ ಇರಬೇಕು.

ಕುದುರೆಯಲ್ಲಿ ವೀರ್ಯಾಣುವೊಂದು ರೂಪುಗೊಳ್ಳಲು ಸುಮಾರು 57 ದಿನ ಬೇಕು. ಪಕ್ವವಾಗಿ ಹೊರಬರಲು ಮತ್ತೆ ಒಂದು ವಾರಕ್ಕೂ ಮಿಕ್ಕ ಕಾಲ ಹಿಡಿಯುತ್ತದೆ. ವೃಷಣಗಳು ದೇಹಕ್ಕಿಂತ ತುಸು ತಂಪಾಗಿರಬೇಕು. ಆದ್ದರಿಂದ ತೀವ್ರ ಜ್ವರ ಬಂದು ಹೋದ ಕುದುರೆಯು ಹೊರನೋಟಕ್ಕೆ ಚೇತರಿಸಿಕೊಂಡಿದ್ದರೂ, ಎರಡು ತಿಂಗಳ ಕಾಲ ಅದರ ಬೀಜ ದುರ್ಬಲವಾಗಿರಬಹುದು. ಸೋಂಕು, ಪೆಟ್ಟು, ಕೆಳಗಿಳಿಯದ ವೃಷಣ, ಮಾಂಸಖಂಡ ಬೆಳೆಸಲೆಂದು ಕೊಡುವ ಕೆಲವು ಔಷಧಿಗಳು ಇವೂ ಕಾರಣಗಳಾಗುವುದುಂಟು. ಹಗಲು ಕಿರಿದಾದ ಚಳಿಗಾಲದಲ್ಲಿ ಆರೋಗ್ಯವಂತ ಕುದುರೆಯಲ್ಲಿಯೂ ವೀರ್ಯಾಣುಗಳು ಕಡಿಮೆಯಾಗುತ್ತವೆ.

ಇನ್ನೊಂದು ಬಗೆಯ ದೋಷವೂ ಇದೆ. 2002ರಲ್ಲಿ ಕೆಂಟಕಿ ಡರ್ಬಿಯನ್ನು ಗೆದ್ದ ವಾರ್ ಎಂಬ್ಲೆಮ್ ಎಂಬ ಕುದುರೆಯನ್ನು ಜಪಾನಿನವರು ಕೊಂಡರು. ಅದರ ವೀರ್ಯಕ್ಕೆ ಕೊರತೆಯಿರಲಿಲ್ಲ. ಆದರೆ ಬಹುಪಾಲು ಹೆಣ್ಣು ಕುದುರೆಗಳ ಹತ್ತಿರಕ್ಕೇ ಅದು ಹೋಗಲೊಲ್ಲದು. ಕೂಡಿದ ಕೆಲವಕ್ಕೆ ಮರಿಗಳಾದವು. ಸಿಗಾರ್‌ಗೆ ಕೂಡುವುದಕ್ಕೆ ಅಡ್ಡಿಯಿರಲಿಲ್ಲ, ಬೀಜವಿರಲಿಲ್ಲ; ಇದಕ್ಕೆ ಬೀಜವಿತ್ತು, ಮನಸ್ಸಿರಲಿಲ್ಲ. ಇವೆರಡನ್ನೂ ಒಂದೇ ಎಂದು ಭಾವಿಸಿ ‘ನಪುಂಸಕ’ ಎಂದುಬಿಡುವುದು ಅಜ್ಞಾನ. ಪಂದ್ಯದ ಥರೋಬ್ರೆಡ್ ತಳಿಯಲ್ಲಿ ಕೃತಕ ಗರ್ಭಧಾರಣೆಗೆ ನಿಯಮಗಳು ಅವಕಾಶವೀಯವು. ಹೀಗಾಗಿ ಎರಡಕ್ಕೂ ಪರಿಹಾರ ಕಷ್ಟ.

ಇಲ್ಲಿ ವಿಚಾರ ಮಾಡಬೇಕಾದುದೊಂದಿದೆ. ಸಿಗಾರ್‌ನೊಡನೆ ಒಂದೇ ಹೆಣ್ಣು ಕುದುರೆಯನ್ನು ಕೂಡಿಸಿದ್ದರೆ, ದೋಷವನ್ನು ಅದರ ಮೇಲೆಯೇ ಹೊರಿಸುತ್ತಿದ್ದರು. 34 ಕುದುರೆಗಳಾದುದರಿಂದ ಹಾಗೆ ಹೇಳಲು ಯಾರಿಗೂ ಬಾಯಿ ಬರಲಿಲ್ಲ. ಮನೆಯಲ್ಲಿ ಹೆಂಡತಿ ಒಬ್ಬಳೇ. ಮಕ್ಕಳಿಲ್ಲದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ದೋಷವೂ ಸೇರಿರುತ್ತದೆಂದು ವೈದ್ಯರು ಹೇಳುತ್ತಾರೆ. ಆದರೂ ಹರಕೆ ಹೊರುವವಳು, ಔಷಧಿ ಕುಡಿಯುವವಳು, ಸವತಿಯ ಮಾತು ಕೇಳಬೇಕಾದವಳು ಹೆಂಗಸೇ. ಗಂಡಿನ ವೀರ್ಯಪರೀಕ್ಷೆಯು ಸುಲಭವಾದುದು, ನೋವಿಲ್ಲದುದು. ಅದನ್ನು ಮೊದಲೇ ಮಾಡಿಸಿಕೊಳ್ಳುವುದು ನ್ಯಾಯ. ವಿದ್ಯಾವಂತರಾದ ನಾವು ನಮ್ಮ ನಮ್ಮ ಮನೆಗಳಲ್ಲಿ ಈ ಮಾತನ್ನು ಧೈರ್ಯವಾಗಿ ಹೇಳಬೇಕು.