ಕೊತ್ತಿಗೇಕೆ ಇಷ್ಟು ಕೋಪ?

ಪ್ರಶ್ನೆ: ಕಿಟಕಿಯಲ್ಲಿ ಸುಮ್ಮನೆ ಕೂತಿದ್ದ ನಮ್ಮ ಬೆಕ್ಕು, ಹತ್ತಿರ ಹೋದ ತಕ್ಷಣ ಎರಗಿ ನನ್ನ ಕಾಲು ಕಚ್ಚಿತು. ಸಾಕಿದವರ ಮೇಲೇ ಹೀಗೇಕೆ?

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುತ್ತೇವೆ. ಇಲ್ಲಿ ಕೊತ್ತಿಯ ಕೋಪವೇ ನಿಮ್ಮ ಮೇಲೆ ತಿರುಗಿದೆ. ಬಹುಶಃ ಕಾಂಪೌಂಡಿನ ಮೇಲೆ ಬೇರೊಂದು ಬೆಕ್ಕು ಕಾಣಿಸಿರಬೇಕು. ತನ್ನ ಗಡಿಗೆ ಬಂದ ಎದುರಾಳಿಯನ್ನು ಕಂಡೊಡನೆ ಅದರ ಮೈಯಲ್ಲಿ ಅಡ್ರಿನಲಿನ್ ಉಕ್ಕುತ್ತದೆ, ಕಣ್ಣಪಾಪೆ ಅಗಲವಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ. ನಡುವೆ ಗಾಜು, ಹಾರುವಂತಿಲ್ಲ. ಆ ಹೊತ್ತಿಗೆ ಪಕ್ಕದಲ್ಲಿ ಅಲುಗಾಡಿದ್ದು ನಿಮ್ಮ ಕಾಲು! ಎದುರಾಳಿ ಹೋದಮೇಲೂ ಉದ್ರೇಕ ಇಳಿಯದು. ಒಲೆ ಆರಿಸಿದರೂ ದೋಸೆಕಾವಲಿ ಸುಡುತ್ತಲೇ ಇರುತ್ತದಲ್ಲ, ಹಾಗೆ, ಕೆಲವೊಮ್ಮೆ ಗಂಟೆಗಟ್ಟಲೆ.

ಆಗ ಎತ್ತಿ ಮುದ್ದಿಸಲು ಹೋಗಬೇಡಿ, ಹೊಡೆಯುವುದಂತೂ ಬೇಡವೇ ಬೇಡ. ಪರದೆ ಎಳೆದು, ಕೋಣೆಯ ದೀಪ ಆರಿಸಿ, ಬಾಗಿಲು ಮುಂದೆ ಮಾಡಿ ಬನ್ನಿ. ತಾನೇ ಹೊರಬಂದು ತಿನ್ನಲು ಕೇಳಿದರೆ ಕಾವು ಇಳಿದಂತೆ. ಕಾರಣವೇ ಕಾಣದೆ ಪದೇ ಪದೇ ಎರಗಿದರೆ ಹಲ್ಲುನೋವೋ ಕೀಲುನೋವೋ ಇರಬಹುದು, ಪಶುವೈದ್ಯರಿಗೆ ತೋರಿಸಿ. ಕಚ್ಚಿದ ಗಾಯವನ್ನು ಮಾತ್ರ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ. ಬೆಕ್ಕಿನಿಂದಲೂ ರೇಬಿಸ್ ಬರುತ್ತದೆ.