ಮೂರು ಕಡ್ಡಿಯ ಮುಂದೆ ಸೋತ ಬೆರಳು

ನಾಲ್ಕು ಬೆಂಕಿಕಡ್ಡಿಗಳ ತುದಿಗಳನ್ನು ನಾಲ್ಕು ತುಂಡು ಸೈಕಲ್ ವಾಲ್‌ಟ್ಯೂಬಿಗೆ ಸಿಕ್ಕಿಸಿ ಚೌಕ ಮಾಡಿ. ಒಂದು ಮೂಲೆಯನ್ನು ಮೆಲ್ಲಗೆ ತಳ್ಳಿ. ಅರೆ, ವಾಲಿ ವಾಲಿ ಮಲಗಿಯೇಬಿಟ್ಟಿತು! ಐದು ಕಡ್ಡಿಯ ಆಕಾರವೂ ಅಷ್ಟೇ, ಎಳೆದತ್ತ ಬರುತ್ತದೆ. ಈಗ ಮೂರೇ ಕಡ್ಡಿ ಜೋಡಿಸಿ. ತಳ್ಳಿ, ಎಳೆಯಿರಿ, ಒತ್ತಿ. ಊಹೂಂ, ಜಪ್ಪಯ್ಯ ಅಂದರೂ ಜಗ್ಗುವುದಿಲ್ಲ! ಅದೇ ಮೆತ್ತನೆಯ ರಬ್ಬರು, ಅದೇ ಪೆಟ್ಟಿಗೆಯ ಕಡ್ಡಿ. ಈ ಗಟ್ಟಿತನ ಎಲ್ಲಿಂದ ಬಂತು? ಆಕಾರದಿಂದಲೇ! ಮೂರು ಬದಿಗಳ ಅಳತೆ ನಿಂತರೆ ಮೂರು ಕೋನಗಳೂ ನಿಂತಂತೆ. ಹೈಸ್ಕೂಲಿನ ರೇಖಾಗಣಿತ ಪುಟ್ಟ ಮಗುವಿನ ಬೆರಳ ತುದಿಗೆ ಬಂದು ಕೂತಿದೆ!

ಇನ್ನು ಆ ಮಗುವನ್ನು ಹಿಡಿಯುವವರಿಲ್ಲ. ಹೊಲದ ನಡುವಿನ ಹೈಟೆನ್ಷನ್ ಟವರಿನಲ್ಲಿ ತ್ರಿಭುಜ, ರೈಲು ಸೇತುವೆಯ ಉಕ್ಕಿನ ಪಟ್ಟಿಗಳಲ್ಲಿ ತ್ರಿಭುಜ, ಗೇಟಿನ ಓರೆಪಟ್ಟಿಯಲ್ಲೂ ತ್ರಿಭುಜ! ವಾಲುವ ಚೌಕಕ್ಕೆ ಮೂಲೆಯಿಂದ ಮೂಲೆಗೆ ಒಂದು ಕಡ್ಡಿ ಕೊಟ್ಟರೆ ನಿಲ್ಲುತ್ತದೆ, ಆ ಕಡ್ಡಿ ಮಾತ್ರ ತುಸು ಉದ್ದ ಬೇಕು ಎಂಬುದು ತಾನಾಗಿ ಹೊಳೆದ ಮಗು ಆಗಲೇ ಇಂಜಿನಿಯರು.

ಈ ಆಟ ಕೊಟ್ಟವರು ಅರವಿಂದ ಗುಪ್ತಾ. ಕಾನ್ಪುರ ಐಐಟಿಯಲ್ಲಿ ಓದಿ, ಪುಣೆಯ ಟೆಲ್ಕೋದಲ್ಲಿ ಲಾರಿ ತಯಾರಿಸುವ ಕೆಲಸದಲ್ಲಿದ್ದವರು, 1970ರ ದಶಕದಲ್ಲಿ ರಜೆ ಹಾಕಿ ಮಧ್ಯಪ್ರದೇಶದ ಹೋಶಂಗಾಬಾದಿಗೆ ಹೋದರು. ಅಲ್ಲಿನ ಹಳ್ಳಿ ಶಾಲೆಗಳಲ್ಲಿ 1972ರಲ್ಲೇ ಮಕ್ಕಳು ಕೈಯಾರೆ ಮಾಡಿ ಕಲಿಯುವ ವಿಜ್ಞಾನ ಶುರುವಾಗಿತ್ತು. ದುಬಾರಿ ಸಲಕರಣೆ ಎಲ್ಲಿಂದ ಬರಬೇಕು? ಆದರೆ ಸಂತೆಯಿತ್ತಲ್ಲ, ಸೈಕಲ್ ರಿಪೇರಿ ಅಂಗಡಿಯಿತ್ತಲ್ಲ! 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕಸದಿಂದ ಆಟಿಕೆ ಮಾಡಿದವರಿಗೆ ದೇಶ ಕೊಟ್ಟ ಆ ಗೌರವ ನೆನೆದರೆ ಈಗಲೂ ಖುಷಿಯಾಗುತ್ತದೆ.

ಎಳನೀರು ಕುಡಿದ ಸ್ಟ್ರಾ ಇದೆಯೇ? ಒಂದು ತುದಿಯನ್ನು ಹಲ್ಲಲ್ಲಿ ಒತ್ತಿ ಚಪ್ಪಟೆ ಮಾಡಿ, ಎರಡೂ ಅಂಚು ಓರೆಯಾಗಿ ಕತ್ತರಿಸಿ ಚೂಪಾಗಿಸಿ, ತುಟಿಯೊಳಗಿಟ್ಟು ಊದಿ. ಪೀಂ! ಕೊಯ್ದ ಎರಡು ನಾಲಗೆಗಳು ಅದುರುತ್ತಿವೆ; ಶಹನಾಯಿ, ನಾಗಸ್ವರಗಳ ಗುಟ್ಟೂ ಇದೇ. ಊದುತ್ತಿರುವಾಗಲೇ ಇನ್ನೊಬ್ಬರು ಇನ್ನೊಂದು ತುದಿಯಿಂದ ಕತ್ತರಿಸುತ್ತ ಬರಲಿ: ಕೊಳವೆ ಗಿಡ್ಡವಾದಂತೆಲ್ಲ ಸ್ವರ ಮೇಲಕ್ಕೆ, ಇನ್ನೂ ಮೇಲಕ್ಕೆ!

ಇವತ್ತೇ ಒಂದು ಮೊಳ ವಾಲ್‌ಟ್ಯೂಬ್ ತನ್ನಿ. ಕಡ್ಡಿಯ ಮದ್ದನ್ನು ನೀವೇ ಕೆರೆದು ತೆಗೆದು ಮಕ್ಕಳ ಕೈಗೆ ಕೊಡಿ. ಉತ್ತರ ಮಾತ್ರ ದಯವಿಟ್ಟು ಮೊದಲೇ ಹೇಳಬೇಡಿ.